ಹಡಗಿನ ಶೌಚಗೃಹ: ರಚನೆ, ಪಾಲನೆ ಮತ್ತು ಚರಿತ್ರೆ

ಬಾರಕೂರಿನ ಶಾಸನಗಳನ್ನು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷವಾಗಿ ತೋರಿಸಬೇಕೆಂಬ ಉದ್ದೇಶದಿಂದ ಕಳೆದ ವರ್ಷ ಕರಾವಳಿಗೆ ಅಧ್ಯಯನಪ್ರವಾಸವೊಂದನ್ನು ಕೈಕೊಂಡಿದ್ದೆವು. ಆಳುಪರ ರಾಜಧಾನಿಯಾಗಿ, ತರುವಾಯ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿ ಮೆರೆದ ಆ ಊರಿನಲ್ಲಿ ಎರಡು ದಿನ ಕಳೆದು, ಹಿಂದಿರುಗುವ ಮುನ್ನ ಮಲ್ಪೆಯ ಮೀನುಗಾರಿಕೆ ಬಂದರಿಗೆ ಹೋದೆವು. ಆಳಸಮುದ್ರಕ್ಕೆ ಹೋಗುವ ದೋಣಿಯೊಂದರ ತಂಡೇಲರು ನಮ್ಮನ್ನು ಮೇಲೆ ಹತ್ತಿಸಿಕೊಂಡು, ಬಲೆ, ಮಂಜುಗಡ್ಡೆಯ ಕೋಣೆ, ಯಂತ್ರ, ದಿಕ್ಕು ತಿಳಿಸುವ ಉಪಕರಣ ಎಲ್ಲವನ್ನೂ ಸಾವಧಾನವಾಗಿ ತೋರಿಸಿದರು. ಒಮ್ಮೆ ಹೊರಟರೆ ಹತ್ತು ದಿನ ನೆಲದ ಮುಖ ಕಾಣುವುದಿಲ್ಲವೆಂದರು. ಆಗ ಹೆಬ್ಬೂರಿನ ಕಡೆಯ ವಿದ್ಯಾರ್ಥಿಯೊಬ್ಬನು ನನ್ನ ಪಕ್ಕಕ್ಕೆ ಸರಿದು, ಹುಡುಗಿಯರಿಗೆ ಕೇಳಿಸದಂತೆ, “ಸಾರ್, ಹತ್ತು ದಿನ ಇವರು ಬೆಳಗಿನ ಹೊತ್ತು ಎಲ್ಲಿಗೆ ಹೋಗುತ್ತಾರೆ?” ಎಂದು ಕೇಳಿದನು.

ತಂಡೇಲರ ಕಿವಿ ಚುರುಕು. “ಬನ್ನಿ ಮಾಷ್ಟ್ರೇ, ಅದನ್ನೂ ತೋರಿಸುವ” ಎಂದು ನಮ್ಮನ್ನು ದೋಣಿಯ ಹಿಂಬದಿಗೆ ಕರೆದೊಯ್ದರು. ಅಲ್ಲಿ ಅಂಚಿನಿಂದ ಹೊರಕ್ಕೆ ಚಾಚಿದಂತೆ ಎರಡು ಹಲಗೆಗಳು, ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ಮರೆಗಾಗಿ ಒಂದು ಹಳೆಯ ತಾಡಪಾಲು, ಹಗ್ಗ ಕಟ್ಟಿದ ಒಂದು ಬಕೀಟು. ಅಷ್ಟೇ. ಕಡಲು ಎದ್ದ ದಿನ ಸೊಂಟಕ್ಕೂ ಒಂದು ಹಗ್ಗ ಕಟ್ಟಿಕೊಳ್ಳುವೆವೆಂದು ಅವರು ನಗುತ್ತ ಹೇಳಿದರು. ವಿದ್ಯಾರ್ಥಿಗಳೂ ನಕ್ಕರು. ನನಗೆ ಮಾತ್ರ, ಬೆಳಿಗ್ಗೆ ನೋಡಿದ ಶಾಸನಗಳಷ್ಟೇ ಹಳೆಯದಾದ, ಆದರೆ ಇನ್ನೂ ಬಳಕೆಯಲ್ಲಿರುವ ವಸ್ತುವೊಂದು ಕಣ್ಣ ಮುಂದಿದೆಯೆನಿಸಿತು. ಚರಿತ್ರೆಯ ವಿಭಾಗದ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಸ್ಥಳವುಂಟೆ ಎಂದು ಕೇಳುವ ವಾಚಕರಿಗೆ ನಾನು ಕೊಡುವ ಸಮಾಧಾನವಿಷ್ಟು: ನೌಕಾಪಡೆ, ವ್ಯಾಪಾರ, ಬಂದರುಸುಂಕ ಮೊದಲಾದವನ್ನು ನಾವು ವರ್ಷವರ್ಷವೂ ಪಾಠ ಹೇಳುತ್ತೇವೆ; ಆ ಹಡಗುಗಳಲ್ಲಿ ತಿಂಗಳುಗಟ್ಟಲೆ ಬದುಕಿದವರ ದೇಹಕ್ಕೆ ಏನು ಬೇಕಾಗಿತ್ತೆಂಬುದನ್ನು ಹೇಳುವುದಿಲ್ಲ. ಹುಡುಗನ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ನನ್ನ ಸ್ವಂತ ಊರೂ ಹೆಬ್ಬೂರೇ. ತುಮಕೂರಿನಿಂದ ಕುಣಿಗಲಿಗೆ ಹೋಗುವ ಹಾದಿಯಲ್ಲಿರುವ ಈ ಹೋಬಳಿಯ ಜನಕ್ಕೆ ಕಡಲೆಂದರೆ ಭೂಪಟದ ನೀಲಿ ಬಣ್ಣ. ನಮ್ಮಲ್ಲಿ ಬಹಿರ್ದೆಸೆಗೆ ಹೋಗುವುದೆಂಬ ಮಾತಿದೆ. ಮನೆಯಿಂದ ಹೊರಗೊಂದು ದೆಸೆಯಿದೆ, ಅಲ್ಲೊಂದು ಬೇಲಿಯ ಮರೆಯಿದೆ ಎಂಬ ಭರವಸೆ ಆ ಮಾತಿನಲ್ಲಿಯೇ ಅಡಗಿದೆ. ಹಡಗಿನವನಿಗೆ ಅಂಥ ದೆಸೆಯಿಲ್ಲ. ಅವನ ಹೊರಗೆಲ್ಲ ನೀರು. ಅದೂ ಅವನ ಕಾಲ ಮಟ್ಟಕ್ಕಿಂತ ಎತ್ತರದಲ್ಲಿ ಒತ್ತಿಕೊಂಡು ನಿಂತಿರುವ ನೀರು. ಮನೆಯ ಶೌಚಗೃಹದಲ್ಲಿ ನೀರು ಮೇಲಿನ ತೊಟ್ಟಿಯಿಂದ ಬಿದ್ದು ಕೆಳಗಿನ ಗುಂಡಿಗೆ ಹೋಗುತ್ತದೆ. ಕೆಲಸವನ್ನೆಲ್ಲ ಭೂಮಿಯ ಆಕರ್ಷಣೆಯೇ ಮಾಡುತ್ತದೆ. ಹಡಗಿನ ಒಡಲಿನಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಕುಳಿತವನಿಗೆ ಅದೇ ಆಕರ್ಷಣೆ ಎದುರಾಳಿಯಾಗುತ್ತದೆ. ಅಲ್ಲಿ ಕೊಳೆಯನ್ನು ಮೇಲಕ್ಕೆತ್ತಿ ಹೊರನೂಕಬೇಕು. ನೂಕಿದ ದಾರಿಯಲ್ಲಿ ಕಡಲು ಒಳಬಾರದಂತೆ ಕಾಯಬೇಕು.

ಈ ಸ್ಥಿತಿಯನ್ನು ನಮ್ಮ ಕಡೆಯವರಿಗೆ ತಿಳಿಸಲು ಕೆರೆಯ ತೂಬಿಗಿಂತ ಒಳ್ಳೆಯ ಉದಾಹರಣೆ ನನಗೆ ತೋರದು. ಕೆರೆಯಲ್ಲಿ ನೀರು ಒಳಗೆ, ಊರು ಹೊರಗೆ. ಏರಿಯಲ್ಲಿ ನಾವೇ ಬೇಕೆಂದು ಒಂದು ರಂಧ್ರವನ್ನಿಟ್ಟು, ಅದಕ್ಕೊಂದು ಬೆಣೆಯನ್ನು ಹಾಕಿ, ಅದನ್ನು ಎತ್ತಿ ಇಳಿಸುವ ಹೊಣೆಯನ್ನು ನೀರುಗಂಟಿಗೆ ವಹಿಸಿದೆವು. ಹಡಗಿನಲ್ಲಿ ನೀರು ಹೊರಗೆ, ಊರು ಒಳಗೆ. ಅಂದರೆ ಹಡಗಿನ ಶೌಚಗೃಹವು ಒಳಹೊರಗಾದ ತೂಬು. ರಂಧ್ರವನ್ನು ಕೊರೆದವರು ನಾವೇ. ನೀರುಗಂಟಿ ಯಾರು ಎಂಬುದನ್ನು ಗೊತ್ತುಮಾಡದಿದ್ದರೆ ಆಗುವ ಅನರ್ಥವೂ ಕೆರೆಯದೇ. ಆದಕಾರಣ ಹಡಗಿನ ಶೌಚಗೃಹದ ಪಾಲನೆ ಮೊದಲು ಪ್ರಾಣದ ವಿಷಯ. ಶುಚಿತ್ವದ ವಿಷಯ ಆಮೇಲೆ. ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕಾದುದು ಇದನ್ನೇ.

ಮೊದಮೊದಲು ಈ ತೂಬೇ ಇರಲಿಲ್ಲ. ಹಾಯಿಹಡಗಿನ ಮುಂತುದಿಯಲ್ಲಿ, ಮೂತಿಯ ಇಕ್ಕೆಲಗಳಲ್ಲಿ ಜಾಲರಿಯ ಹಲಗೆಗಳನ್ನು ಹಾಸಿ, ರಂಧ್ರವುಳ್ಳ ಪೀಠಗಳನ್ನಿಡುತ್ತಿದ್ದರು. ಇಂಗ್ಲಿಷರು ಇಂದಿಗೂ ಹಡಗಿನ ಶೌಚಗೃಹವನ್ನು ‘ತಲೆ’ ಎಂಬ ಅರ್ಥದ ‘ಹೆಡ್’ ಎಂಬ ಶಬ್ದದಿಂದ ಕರೆಯುವುದು ಅದು ಹಡಗಿನ ತಲೆಯಲ್ಲಿದ್ದುದರಿಂದ. ಮುಂತುದಿಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಹಾಯಿಹಡಗು ಸಾಮಾನ್ಯವಾಗಿ ಹಿಂದಿನಿಂದಲೋ ಪಕ್ಕದಿಂದಲೋ ಬೀಸುವ ಗಾಳಿಯಲ್ಲಿ ಸಾಗುತ್ತದೆಯಾದ್ದರಿಂದ ದುರ್ಗಂಧವು ಮುಂದಕ್ಕೆ ಹೋಗಿಬಿಡುತ್ತದೆ. ಮೂತಿಗೆ ಬಡಿಯುವ ಅಲೆಗಳೇ ಹಲಗೆಗಳನ್ನು ತೊಳೆಯುತ್ತವೆ. ನಾಯಕನಿಗೂ ಅಧಿಕಾರಿಗಳಿಗೂ ಹಿಂಬದಿಯ ಪಾರ್ಶ್ವಗಳಲ್ಲಿ ಮುಚ್ಚಿದ ಕೋಣೆಗಳಿದ್ದವು. ದರ್ಜೆಯ ಭೇದ ಅಲ್ಲಿಯೂ ತಪ್ಪಲಿಲ್ಲ.

ನಮ್ಮ ತೀರಕ್ಕೆ ಸಂಬಂಧಿಸಿದ ಸ್ವಾರಸ್ಯವಾದ ಸಾಕ್ಷ್ಯವೊಂದು ಇಬ್ನ್ ಬತೂತನ ಪ್ರವಾಸಕಥನದಲ್ಲಿ ದೊರೆಯುತ್ತದೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನು ಅವನನ್ನು ಚೀನದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದಾಗ, ಅವನು ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹಾಯ್ದು ಕಲ್ಲಿಕೋಟೆಯನ್ನು ಸೇರಿದನು. ಅವನು ‘ಫಾಕನೂರ್’ ಎಂದು ಬರೆದಿರುವುದು ನಾವು ಶಾಸನಗಳನ್ನು ನೋಡಿದ ಈ ಬಾರಕೂರನ್ನೇ. ಸುಮಾರು ೧೩೪೨ರಲ್ಲಿ ಕಲ್ಲಿಕೋಟೆಯ ಬಂದರಿನಲ್ಲಿ ಹದಿಮೂರು ಚೀನೀ ಹಡಗುಗಳು ನಿಂತಿದ್ದವಂತೆ. ಅವುಗಳ ದೊಡ್ಡ ಕೋಣೆಗಳಲ್ಲಿ ಒಳಮನೆಗಳೂ ಶೌಚಸ್ಥಾನವೂ ಇದ್ದು, ಯಜಮಾನನು ಬೀಗ ಹಾಕಿಕೊಳ್ಳಬಹುದಾಗಿತ್ತೆಂದು ಅವನು ವಿವರಿಸುತ್ತಾನೆ. ಶೌಚಸ್ಥಾನಕ್ಕೆ ಅವನು ಬಳಸಿದ ಪದ ‘ಸಂಡಾಸ್’. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇಂದಿಗೂ ಕೇಳುವ ‘ಸಂಡಾಸು’ ಆರುನೂರೈವತ್ತು ವರ್ಷಗಳಿಗೂ ಹಿಂದೆ ಒಬ್ಬ ಮೊರಾಕೊ ದೇಶದವನ ಬಾಯಲ್ಲಿ, ಚೀನೀ ಹಡಗಿನ ವರ್ಣನೆಯಲ್ಲಿ ಬಂದಿದೆ! ಈ ಕ್ಷೇತ್ರದ ಶಬ್ದಗಳೇ ಹೀಗೆ ಅಲೆಮಾರಿಗಳು. ತಮಿಳಿನ ‘ಕಕ್ಕೂಸು’ ಡಚ್ಚರ ಮಾತಿನಿಂದ ಬಂದುದೆಂದು ಪಂಡಿತರ ಎಣಿಕೆ. ನಮ್ಮ ‘ಕಕ್ಕಸು’ ಅದರ ಹತ್ತಿರದ ನಂಟ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ತನ್ನೊಡನೆ ದಾಸಿಯರಿರುವರಾದ್ದರಿಂದ ಪ್ರತ್ಯೇಕವಾದ ಕೋಣೆಯೊಂದು ಬೇಕೆಂದು ಇಬ್ನ್ ಬತೂತನು ಕೇಳಿದಾಗ, ಒಳ್ಳೆಯ ಕೋಣೆಗಳನ್ನೆಲ್ಲ ಚೀನೀ ವರ್ತಕರು ಮೊದಲೇ ಹಿಡಿದಿದ್ದರು. ಉಳಿದ ಒಂದು ಕೋಣೆಯಲ್ಲಿ ಸಂಡಾಸ್ ಇಲ್ಲವೆಂಬ ಉತ್ತರ ಬಂದಿತು. ಆ ಕೋಣೆಯನ್ನೇ ಹಿಡಿದನಾದರೂ ಅದು ಇಕ್ಕಟ್ಟೆಂದು, ಸಾಮಾನು ಪರಿವಾರಗಳನ್ನು ‘ಕಕಮ್’ ಎಂಬ ಚಿಕ್ಕ ಹಡಗಿಗೆ ವರ್ಗಾಯಿಸಿ, ತಾನು ಶುಕ್ರವಾರದ ಪ್ರಾರ್ಥನೆಗಾಗಿ ದಡದಲ್ಲಿಯೇ ಉಳಿದನು. ಅಷ್ಟರಲ್ಲಿ ಬಿರುಗಾಳಿಯೆದ್ದು ದೊಡ್ಡ ಹಡಗು ಒಡೆದು, ರಾಯಭಾರದ ಕಾಣಿಕೆಗಳೂ ಜನರೂ ಕಡಲ ಪಾಲಾದರು. ಅನುಕೂಲವಾದ ಕೋಣೆಯೊಂದು ಸಿಕ್ಕಿದ್ದರೆ ಅವನ ಪರಿವಾರವೂ ಆ ಹಡಗಿನಲ್ಲಿಯೇ ಇರುತ್ತಿತ್ತು. ಅವನ ಗತಿ ಏನಾಗುತ್ತಿತ್ತೋ ಹೇಳಬಾರದು.

ಶೌಚಸ್ಥಾನವಿದ್ದೂ ಬಳಸದವರ ಪಾಡನ್ನು ಫ್ರೆಂಚ್ ಪ್ರವಾಸಿ ಪಿರಾರ್ ದ ಲವಾಲನು ೧೭ನೆಯ ಶತಮಾನದ ಆದಿಯಲ್ಲಿ ಬರೆದಿಟ್ಟಿದ್ದಾನೆ. ಪೋರ್ತುಗಲ್ಲಿಗೂ ಗೋವೆಗೂ ನಡುವೆ ಸಂಚರಿಸುತ್ತಿದ್ದ ಹಡಗುಗಳು ಬಹು ಕೊಳಕಾಗಿದ್ದವೆಂದೂ, ಬಹುಮಂದಿ ಮೇಲಟ್ಟಕ್ಕೆ ಹತ್ತಿಹೋಗುವ ಶ್ರಮವನ್ನೇ ತೆಗೆದುಕೊಳ್ಳುತ್ತಿರಲಿಲ್ಲವೆಂದೂ, ಅಷ್ಟು ಜನ ಸಾಯುವುದಕ್ಕೆ ಇದೂ ಒಂದು ಕಾರಣವೆಂದೂ ಅವನ ಅಭಿಪ್ರಾಯ. ೧೭೮೬ರಲ್ಲಿ ಟಿಪ್ಪು ಸುಲ್ತಾನನು ತುರ್ಕಿಗೆ ಕಳುಹಿಸಿದ ರಾಯಭಾರವು ನಮ್ಮ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಜನ ಸುಮಾರು ೯೦೦. ವಿದ್ಯಾರ್ಥಿಗಳು ಈ ಎರಡು ಅಂಕಿಗಳನ್ನು ಒಂದರಿಂದೊಂದನ್ನು ಭಾಗಿಸಿ ನೋಡಿಕೊಂಡರೆ ಸಾಕು.

ಕವಾಟವುಳ್ಳ ಶೌಚಪಾತ್ರೆಗೆ ಲಂಡನ್ನಿನ ಜೋಸೆಫ್ ಬ್ರಾಮನು ೧೭೭೮ರಲ್ಲಿ ಸನ್ನದು ಪಡೆದನು. ಇವನು ಮೂಲತಃ ಬಡಗಿ. ಮನೆಗಳಲ್ಲಿ ಇತರರ ಶೌಚಪಾತ್ರೆಗಳನ್ನು ಜೋಡಿಸುತ್ತಿದ್ದಾಗ, ಚಳಿಗಾಲದಲ್ಲಿ ಅವುಗಳ ಕವಾಟ ಹೆಪ್ಪುಗಟ್ಟುವುದನ್ನು ಕಂಡು ಕೀಲಿನ ಮೇಲೆ ತಿರುಗುವ ಮುಚ್ಚಳವನ್ನು ಕಲ್ಪಿಸಿದನು. ಈ ಮಾದರಿ ಹಡಗುಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಆದರೆ ಇವೆಲ್ಲ ನೀರಿನ ಮಟ್ಟಕ್ಕಿಂತ ಮೇಲಿನ ಏರ್ಪಾಟುಗಳು; ಕೊಳೆ ತಾನಾಗಿಯೇ ಕೆಳಗಿಳಿದು ಹೋಗುತ್ತಿತ್ತು. ಮನುಷ್ಯರ ವಾಸ ನೀರಿನ ಮಟ್ಟಕ್ಕಿಂತ ಕೆಳಕ್ಕೆ ಇಳಿದ ಮೇಲೆ ಪಂಪು ಅನಿವಾರ್ಯವಾಯಿತು.

ಅಂಥ ಪಂಪೊಂದನ್ನು ಅದೇ ದಿನ ಮಧ್ಯಾಹ್ನ ನೋಡುವ ಅವಕಾಶ ಒದಗಿತು. ಸಮೀಪದ ದುರಸ್ತಿ ಕಟ್ಟೆಯಲ್ಲಿ ನಿಂತಿದ್ದ ಸಣ್ಣ ನೌಕೆಯೊಂದರ ಶೌಚಗೃಹವನ್ನು ಬಿಚ್ಚಿ, ಭಾಗಗಳನ್ನು ಗೋಣಿತಾಟಿನ ಮೇಲೆ ಹರಡಿದ್ದರು. ಅದನ್ನು ಕಂಡೊಡನೆ ನಮ್ಮ ಹುಡುಗನು, “ಸಾರ್, ಇದು ನಮ್ಮ ಬೀದಿಯ ಬೋರ್‌ವೆಲ್ ಪಂಪೇ!” ಎಂದನು. ಆ ಮಾತು ಬಹುಮಟ್ಟಿಗೆ ನಿಜ. ಬೀದಿಯ ಕೈಪಂಪಿನಲ್ಲಿರುವಂತೆ ಇಲ್ಲಿಯೂ ಒಂದು ಉರುಳೆ, ಅದರೊಳಗೆ ಆಡುವ ಪಿಸ್ಟನ್, ಅದರ ಸುತ್ತ ರಬ್ಬರಿನ ಬಳೆ, ಒಮ್ಮುಖವಾಗಿ ತೆರೆಯುವ ಕವಾಟಗಳು ಇವೆ. ಭೇದವೇನೆಂದರೆ, ಇಲ್ಲಿಯ ಪಿಸ್ಟನ್ನಿಗೆ ಎರಡೂ ಮುಖದಲ್ಲಿ ಕೆಲಸ. ಹಿಡಿಯನ್ನು ಮೇಲೆಳೆದಾಗ ಪಿಸ್ಟನ್ನಿನ ಮೇಲಿರುವ ಕಡಲ ನೀರು ಶೌಚಪಾತ್ರೆಗೆ ನುಗ್ಗುತ್ತದೆ, ಅದೇ ಕ್ಷಣದಲ್ಲಿ ಪಾತ್ರೆಯ ಕೊಳೆ ಪಿಸ್ಟನ್ನಿನ ಕೆಳಭಾಗಕ್ಕೆ ಹೀರಲ್ಪಡುತ್ತದೆ. ಹಿಡಿಯನ್ನು ಕೆಳಗೊತ್ತಿದಾಗ ಕೊಳೆಯು ಹೊರಗಿನ ಕೊಳವೆಗೆ ಹೋಗುತ್ತದೆ, ಮೇಲ್ಭಾಗಕ್ಕೆ ಹೊಸ ನೀರು ಬರುತ್ತದೆ. ನೀರನ್ನು ಒಳತರುವ ಕೊಳವೆಯ ಒಳವ್ಯಾಸ ಸಾಮಾನ್ಯವಾಗಿ ೧೯ ಮಿಲಿಮೀಟರು, ಕೊಳೆಯನ್ನು ಹೊರಹಾಕುವುದರದು ೩೮ ಮಿಲಿಮೀಟರು. ಎರಡೂ ಹಡಗಿನ ಮೈಯನ್ನು ತೂರಿಹೋಗುವ ಸ್ಥಳದಲ್ಲಿ ಒಂದೊಂದು ಕಂಚಿನ ಕವಾಟವಿರುತ್ತದೆ. ಇವೇ ನಮ್ಮ ತೂಬಿನ ಬೆಣೆಗಳು. ಮುಂದೆ ಇವನ್ನು ಕಡಲಕವಾಟಗಳೆಂದು ಕರೆಯುವೆನು. ಪಂಪಿನಿಂದ ಕೊಳೆ ಹೊರಡುವ ಬಾಯಿಯಲ್ಲಿ ಬಾತಿನ ಕೊಕ್ಕಿನಂಥ ಒಂದು ರಬ್ಬರಿನ ತುಂಡಿದೆ. ಒಳಗಿನಿಂದ ಒತ್ತಿದರೆ ಕೊಕ್ಕು ಬಿಚ್ಚುತ್ತದೆ, ಹೊರಗಿನಿಂದ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಇಡೀ ಯಂತ್ರದಲ್ಲಿ ಅತ್ಯಂತ ಅಗ್ಗವಾದ ಭಾಗ ಇದು. ಮೊದಲು ಕೆಡುವುದೂ ಇದೇ.

ಬಳಸುವ ಕ್ರಮವನ್ನು ಆ ದುರಸ್ತಿಗಾರರು ಪಾಠದಂತೆ ಒಪ್ಪಿಸಿದರು. ಮೊದಲು ಎರಡು ಕಡಲಕವಾಟಗಳನ್ನೂ ತೆರೆಯಬೇಕು. ಪಂಪಿನ ಪಕ್ಕದ ಸಣ್ಣ ಹಿಡಿಯನ್ನು ‘ನೀರು’ ಎಂಬ ಕಡೆಗೆ ತಿರುಗಿಸಿ ಎರಡು ಮೂರು ಸಲ ಎಳೆದು ಪಾತ್ರೆಯನ್ನು ನೆನಸಬೇಕು; ಒಣ ಪಾತ್ರೆಗೆ ಕೊಳೆ ಅಂಟುತ್ತದೆ. ಬಳಸಿದ ಮೇಲೆ, ಪಾತ್ರೆ ಶುಭ್ರವಾಯಿತೆಂದು ಕೈ ಬಿಡಬಾರದು. ಕಣ್ಣಿಗೆ ಕಾಣದ ಕೊಳೆ ಇನ್ನೂ ಕೊಳವೆಯ ನಡುದಾರಿಯಲ್ಲಿರುತ್ತದೆ. ಕೊಳವೆಯ ಪ್ರತಿ ಮೀಟರಿಗೆ ಏಳೆಂಟು ಎಳೆತದಂತೆ ಲೆಕ್ಕಹಾಕಿ, ಮೂರು ಮೀಟರಿನ ಕೊಳವೆಯಾದರೆ ಇಪ್ಪತ್ತಕ್ಕೂ ಹೆಚ್ಚು ಸಲ ಪಂಪನ್ನು ಆಡಿಸಬೇಕು. ಆನಂತರ ಹಿಡಿಯನ್ನು ‘ಒಣ’ ಎಂಬ ಕಡೆಗೆ ತಿರುಗಿಸಿದರೆ ಹೊಸ ನೀರು ಬರುವುದು ನಿಂತು, ಪಾತ್ರೆ ಬರಿದಾಗುತ್ತದೆ. ಕೊನೆಯದಾಗಿ ಎರಡು ಕಡಲಕವಾಟಗಳನ್ನೂ ಮುಚ್ಚಬೇಕು. “ಎಲ್ಲರೂ ತೆರೆಯುವುದನ್ನು ನೆನಪಿಡುತ್ತಾರೆ, ತೆರೆಯದಿದ್ದರೆ ಪಂಪು ಆಡುವುದಿಲ್ಲವಲ್ಲ. ಮುಚ್ಚದಿದ್ದರೂ ಪಂಪು ಆಡುತ್ತದೆ, ಅಲ್ಲಿಯೇ ತೊಂದರೆ” ಎಂದರು ಅವರು. ಯಂತ್ರಶಾಸ್ತ್ರದ ಗ್ರಂಥದಲ್ಲಿ ಇದಕ್ಕಿಂತ ಸ್ಪಷ್ಟವಾದ ವಾಕ್ಯ ಸಿಗಲಾರದು.

ಮುಚ್ಚದಿದ್ದರೆ ಏನಾಗುತ್ತದೆಂಬುದನ್ನು ಗಣಿತದಿಂದಲೇ ತಿಳಿಯಬಹುದು. ನೀರಿನ ಮಟ್ಟಕ್ಕಿಂತ ೬೦ ಸೆಂಟಿಮೀಟರು ಕೆಳಗಿರುವ ರಂಧ್ರದಿಂದ ನೀರು ಸೆಕೆಂಡಿಗೆ ಸುಮಾರು ೩.೪ ಮೀಟರು ವೇಗದಲ್ಲಿ ಚಿಮ್ಮುತ್ತದೆ. ಇದು ೧೭ನೆಯ ಶತಮಾನದಲ್ಲಿ ಟೊರಿಸೆಲ್ಲಿ ಕಂಡುಹಿಡಿದ ನಿಯಮ. ರಂಧ್ರವು ೩೮ ಮಿಲಿಮೀಟರಿನದಾದರೆ, ಧಾರೆ ಕುಗ್ಗುವುದನ್ನು ಕಳೆದೂ ಸೆಕೆಂಡಿಗೆ ಎರಡು ಲೀಟರಿಗೆ ಮೀರಿ ನೀರು ಬರುತ್ತದೆ. ಇನ್ನೂರು ಲೀಟರಿನ ಡ್ರಮ್ಮು ಒಂದೂವರೆ ನಿಮಿಷದಲ್ಲಿ ತುಂಬುವ ವೇಗವಿದು. ಒಂದು ಗಂಟೆಯಲ್ಲಿ ಎಂಟು ಟನ್ನು! ಎಷ್ಟೋ ಸಣ್ಣ ನೌಕೆಗಳ ಒಟ್ಟು ತೂಕವೂ ಇಷ್ಟಿರುವುದಿಲ್ಲ.

ಕೊಳವೆ ಕಿತ್ತುಹೋದಾಗ ಮಾತ್ರ ಈ ಅಪಾಯವೆಂದು ಭಾವಿಸಬಾರದು. ಡ್ರಮ್ಮಿನಿಂದ ಸೀಮೆಎಣ್ಣೆ ಇಳಿಸುವಾಗ ಕೊಳವೆಯನ್ನು ಒಮ್ಮೆ ಬಾಯಿಂದ ಹೀರಿಬಿಟ್ಟರೆ ಎಣ್ಣೆಯು ಅಂಚನ್ನು ಹತ್ತಿ ತಾನೇ ಹರಿಯುವುದನ್ನು ಎಲ್ಲರೂ ನೋಡಿದ್ದೇವೆ. ಶೌಚಪಾತ್ರೆಯ ಅಂಚು ಹೊರಗಿನ ಕಡಲಿಗಿಂತ ಕೆಳಗಿದ್ದರೆ, ಪಂಪಿನ ಕೊನೆಯ ಎಳೆತವೇ ಆ ಹೀರುವಿಕೆಯ ಕೆಲಸವನ್ನು ಮಾಡುತ್ತದೆ. ಕೊಕ್ಕಿನ ರಬ್ಬರು ಸವೆದಿದ್ದರೆ, ಅದರ ಸಂದಿನಲ್ಲಿ ಒಂದು ಕೂದಲು ಸಿಕ್ಕಿದ್ದರೂ, ಕಡಲು ನಿಶ್ಶಬ್ದವಾಗಿ ಒಳಕ್ಕೆ ಹರಿದು, ಪಾತ್ರೆಯನ್ನು ತುಂಬಿ, ಚೆಲ್ಲಿ, ಮಲಗಿದ್ದವರ ಹಾಸಿಗೆಯವರೆಗೆ ಬರುತ್ತದೆ. ಇದನ್ನು ತಪ್ಪಿಸಲು ಕೊಳವೆಯನ್ನು ನೇರವಾಗಿ ಒಯ್ಯದೆ, ಹಡಗು ವಾಲಿದಾಗಲೂ ನೀರಿನ ಮಟ್ಟಕ್ಕಿಂತ ಮೇಲಿರುವಷ್ಟು ಎತ್ತರಕ್ಕೆ ಕಮಾನಿನಂತೆ ಏರಿಸಿ, ಕಮಾನಿನ ನೆತ್ತಿಯಲ್ಲಿ ಗಾಳಿ ಎಳೆದುಕೊಳ್ಳುವ ಸಣ್ಣ ಕವಾಟವನ್ನಿಡುತ್ತಾರೆ. ಗಾಳಿ ಸೇರಿದೊಡನೆ ನೀರಿನ ಎಳೆ ತುಂಡಾಗುತ್ತದೆ. ಉಪ್ಪು ಕಟ್ಟಿ ಆ ಸಣ್ಣ ರಂಧ್ರ ಮುಚ್ಚಿಹೋದರೆ ಕಮಾನು ಇದ್ದೂ ಇಲ್ಲದಂತೆ. ಆದ್ದರಿಂದ ಆಗಾಗ ಅದನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆಯಬೇಕು. ನೀರು ತರುವ ಕೊಳವೆಗೂ ಇಂಥ ಕಮಾನು ಅಗತ್ಯವೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಈ ಸಣ್ಣ ಕವಾಟಗಳು ಯುದ್ಧನೌಕೆಯನ್ನೂ ಮುಳುಗಿಸಬಲ್ಲವೆಂಬುದಕ್ಕೆ ಎರಡನೆಯ ಮಹಾಯುದ್ಧದಲ್ಲಿ ಒಂದು ನಿದರ್ಶನವುಂಟು. ಜರ್ಮನರ ‘ಯು-೧೨೦೬’ ಎಂಬ ಜಲಾಂತರ್ಗಾಮಿಯು ೧೯೪೫ರ ಏಪ್ರಿಲ್ ೧೪ರಂದು ಸ್ಕಾಟ್ಲೆಂಡಿನ ಪೀಟರ್‌ಹೆಡ್ ಊರಿನ ಹತ್ತಿರ ಸುಮಾರು ೬೦ ಮೀಟರು ಆಳದಲ್ಲಿತ್ತು. ಆ ಆಳದಲ್ಲಿ ಕಡಲಿನ ಒತ್ತಡ ಮೇಲಿನ ವಾಯುಭಾರದ ಆರರಷ್ಟು ಅಧಿಕ. ಅಂಥಲ್ಲಿಯೂ ಕೊಳೆಯನ್ನು ಹೊರಹಾಕಬಲ್ಲ ಹೊಸ ಬಗೆಯ ಶೌಚಗೃಹ ಅದರಲ್ಲಿತ್ತು. ಅದರ ಹಲವು ಕವಾಟಗಳನ್ನು ಗೊತ್ತಾದ ಕ್ರಮದಲ್ಲಿಯೇ ತಿರುಗಿಸಬೇಕಾಗಿತ್ತು. ಕ್ರಮ ತಪ್ಪಿ ಕಡಲು ಒಳನುಗ್ಗಿತು. ಕೆಳಗಿದ್ದ ಬ್ಯಾಟರಿಗಳ ಆಮ್ಲಕ್ಕೆ ಉಪ್ಪುನೀರು ಸೇರಿ ಕ್ಲೋರಿನ್ ವಿಷವಾಯು ಎದ್ದಿತು. ಉಸಿರಿಗಾಗಿ ಮೇಲೆ ಬಂದ ನೌಕೆಯನ್ನು ವಿಮಾನಗಳು ಗುರುತಿಸಿ ಎರಗಿದವು. ಗತ್ಯಂತರವಿಲ್ಲದೆ ನಾಯಕನಾದ ಕಾರ್ಲ್-ಅಡಾಲ್ಫ್ ಶ್ಲಿಟ್ಟನು ನೌಕೆಯನ್ನು ತಾನೇ ಮುಳುಗಿಸಿದನು. ನಾಲ್ವರು ಮಡಿದರು, ೪೬ ಮಂದಿ ಉಳಿದರು. ಕವಾಟವನ್ನು ತಪ್ಪಾಗಿ ತಿರುಗಿಸಿದವನು ನಾಯಕನೇ ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಆದರೆ ನಾಯಕನ ಹೇಳಿಕೆಯಲ್ಲಿ, ತಾನು ಆಗ ಯಂತ್ರಾಗಾರದಲ್ಲಿದ್ದು, ಮುಂಭಾಗದ ಶೌಚಗೃಹದ ಕಡೆಯಿಂದ ನೀರು ಬರುತ್ತಿರುವ ಸುದ್ದಿ ಬಂದಿತೆಂದಿದೆ. ನಗೆ ಬರಿಸುವ ಪಾಠವೇ ಹೆಚ್ಚು ದಿನ ಬಾಳುತ್ತದೆಂಬುದನ್ನು ಆಕರಗಳ ವಿಮರ್ಶೆ ಕಲಿಯುವ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಇನ್ನು ನಿತ್ಯದ ಪಾಲನೆ. ಶಾಂತಕಾಲದ ನೌಕೆಗೆ ಶತ್ರುಗಳು ಎರಡು: ಗಾರೆ ಮತ್ತು ದುರ್ನಾತ. ಕಡಲ ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಸಿಯಮಿನ ಲವಣಗಳು ಕರಗಿರುತ್ತವೆ. ಮೂತ್ರದ ಯೂರಿಯಾ ಕೊಳೆತು ಅಮೋನಿಯಾ ಆದಾಗ ನೀರು ಕ್ಷಾರವಾಗಿ, ಈ ಲವಣಗಳು ಕೊಳವೆಯ ಒಳಮೈಗೆ ಕಲ್ಲಿನಂತೆ ಕಚ್ಚುತ್ತವೆ. ಬಿಸಿನೀರು ಕಾಯಿಸುವ ಹಂಡೆಯ ಒಳಗೆ ಕೊಳವೆಬಾವಿಯ ನೀರು ಕಟ್ಟುವ ಬಿಳಿಯ ಹೊರೆಯನ್ನು ತುಮಕೂರು ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಇದು ಅದರ ಸೋದರ. ಕೆಲವು ವರ್ಷಗಳಲ್ಲಿ ೩೮ ಮಿಲಿಮೀಟರಿನ ದಾರಿ ಬೆರಳು ತೂರುವಷ್ಟಾಗುತ್ತದೆ. ಪಂಪಿನ ಹಿಡಿ ಬಿಗಿಯಾಯಿತೆಂದು ಬಲ ಪ್ರಯೋಗಿಸುವವರು ಕೊಳವೆಯ ಕೀಲನ್ನೇ ಬಿಚ್ಚಿಸಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಒಂದೆರಡು ಬಟ್ಟಲು ವಿನಿಗರನ್ನು ಪಾತ್ರೆಗೆ ಸುರಿದು, ಕೊಳವೆಯೊಳಕ್ಕೆ ಎಳೆದು, ರಾತ್ರಿಯೆಲ್ಲ ನಿಲ್ಲಿಸಿದರೆ ಗಾರೆ ಕಟ್ಟುವುದು ಬಹಳ ತಗ್ಗುತ್ತದೆ. ಈಗಾಗಲೇ ಕಟ್ಟಿರುವುದಕ್ಕೆ ನಾವಿಕರ ಹಳೆಯ ಉಪಾಯವೇ ಒಳ್ಳೆಯದು: ಕೊಳವೆಯನ್ನು ಬಿಚ್ಚಿ ದಡಕ್ಕೆ ತಂದು, ಅಗಸರ ಕಲ್ಲಿಗೆ ಬಟ್ಟೆ ಒಗೆದಂತೆ ನೆಲಕ್ಕೆ ಬಡಿಯುವುದು. ಆಮ್ಲ ಹಾಕಿದ ಪಾತ್ರೆಗೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಹಾಕಬಾರದು. ಅವೆರಡೂ ಕೂಡಿದರೆ ಹುಟ್ಟುವುದು ಯು-೧೨೦೬ರಲ್ಲಿ ಎದ್ದ ಅದೇ ವಿಷವಾಯು. ಬ್ಲೀಚಿಂಗ್ ಪುಡಿಯೊಂದನ್ನೇ ಹಾಕಿದರೂ ರಬ್ಬರಿನ ಭಾಗಗಳು ಬೇಗ ಕೆಡುತ್ತವೆ.

ದುರ್ನಾತಕ್ಕೆ ಕಾರಣ ಕೊಳೆಯೇ ಎಂದು ಎಲ್ಲರೂ ತಿಳಿದಿರುತ್ತಾರೆ.ಎಷ್ಟೋ ವೇಳೆ ಅಪರಾಧಿ ಶುದ್ಧವೆಂದು ನಾವು ನಂಬಿದ ಕಡಲ ನೀರು. ಒಳತರುವ ಕೊಳವೆಯಲ್ಲಿ ನಿಂತ ನೀರಿನೊಳಗಿನ ಸೂಕ್ಷ್ಮಜೀವಿಗಳು ಸತ್ತು ಕೊಳೆತು, ಗಾಳಿಯಿಲ್ಲದೆ ಬಾಳುವ ಕೆಲವು ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟಿನಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಹುಟ್ಟಿಸುತ್ತವೆ. ಎರಡು ದಿನ ಬಿಟ್ಟು ಬಂದು ಮೊದಲ ಬಾರಿ ಪಂಪು ಎಳೆದವನ ಮೂಗಿಗೆ ಬಡಿಯುವುದು ಇದು. ನೌಕೆಯನ್ನು ಬಿಟ್ಟುಹೋಗುವಾಗ ಸಿಹಿನೀರನ್ನು ಹಾಯಿಸಿ ಹೋಗುವುದೇ ಇದಕ್ಕೆ ಮದ್ದು. ಆದರೆ ಆ ಸಿಹಿನೀರಿಗಾಗಿ ಕುಡಿಯುವ ನೀರಿನ ಕೊಳಾಯಿಯನ್ನು ಪಂಪಿಗೆ ನೇರವಾಗಿ ಜೋಡಿಸುವುದು ಮಹಾಪರಾಧ. ಚೆಂಬಿನಿಂದ ಪಾತ್ರೆಗೆ ಸುರಿಯಬೇಕು. ಪಂಪಿನ ಹಿಡಿ ಕಿರುಗುಟ್ಟಿದರೆ ಒಂದೆರಡು ಚಮಚ ಅಡಿಗೆಯ ಎಣ್ಣೆ ಸಾಕು. ಉಂಡು ಜೀರ್ಣವಾದುದು ಮತ್ತು ಕರಗುವ ತೆಳುಕಾಗದ ಹೊರತು ಬೇರೇನೂ, ಬೆಂಕಿಕಡ್ಡಿಯೂ ಸಹ, ಪಾತ್ರೆಗೆ ಬೀಳಬಾರದು. ನಮ್ಮವರು ನೀರು ಬಳಸುವವರಾದ್ದರಿಂದ ಕಾಗದದ ಕಾಟ ಕಡಮೆ. ಇದು ನಮಗಿರುವ ಒಂದು ಅನುಕೂಲ.

ಕಡಲಕವಾಟವನ್ನು ತೆರೆದೇ ಬಿಡುವುದು ಹೇಗೆ ತಪ್ಪೋ, ವರ್ಷಗಟ್ಟಲೆ ಆಡಿಸದೆ ಬಿಡುವುದೂ ಹಾಗೆಯೇ ತಪ್ಪು. ಆಡಿಸದ ಕವಾಟ ಉಪ್ಪಿನಲ್ಲಿ ಕಚ್ಚಿಕೊಂಡು, ಬೇಕಾದ ದಿನ ತಿರುಗುವುದಿಲ್ಲ. ತಿಂಗಳಿಗೊಮ್ಮೆಯಾದರೂ ತಿರುಗಿಸಬೇಕು, ನೌಕೆ ದಡಕ್ಕೇರಿದಾಗ ಬಿಚ್ಚಿ ಗ್ರೀಸು ಸವರಬೇಕು. ಕೊಳವೆಯ ಪ್ರತಿ ತುದಿಗೂ ತುಕ್ಕು ಹಿಡಿಯದ ಎರಡೆರಡು ಬಿಗಿಪಟ್ಟಿಗಳಿರಬೇಕು. ಪ್ರತಿ ಕವಾಟದ ಪಕ್ಕದಲ್ಲಿಯೂ ಅದರ ಅಳತೆಗೆ ತಕ್ಕ ಮೆದುಮರದ ಮೊನಚು ಬೆಣೆಯೊಂದನ್ನು ದಾರದಲ್ಲಿ ಕಟ್ಟಿ ತೂಗಹಾಕಿರಬೇಕು. ಕವಾಟವೇ ಮುರಿದರೆ ಅದನ್ನು ರಂಧ್ರಕ್ಕೆ ಜಡಿದುಬಿಡಬಹುದು. ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಇಂಥ ಕೆಲಸಕ್ಕೆ ನಮ್ಮ ದೋಣಿಗಳಿಗೆ ಬಿಡುವೂ ಉಂಟು.

ಹೊರಹಾಕಿದ ಕೊಳೆ ಎಲ್ಲಿಗೆ ಹೋಗುತ್ತದೆಂಬುದು ಉಳಿದ ಪ್ರಶ್ನೆ. ಆಳಸಮುದ್ರದಲ್ಲಿ ಹತ್ತು ಮಂದಿಯ ಕೊಳೆ ಲೆಕ್ಕಕ್ಕಿಲ್ಲ. ಬಂದರಿನ ಮಾತು ಬೇರೆ. ಅಲೆತಡೆಗಳ ನಡುವಿನ ನೀರು ಹೆಚ್ಚು ಕಡಮೆ ನಿಂತ ನೀರು. ಅಲ್ಲಿ ನೂರಾರು ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಸಮೀಪದ ಅಳಿವೆಗಳಲ್ಲಿ ಜನ ಆಯ್ದು ತಿನ್ನುವ ಮರುವಾಯಿ, ಕಪ್ಪೆಚಿಪ್ಪುಗಳು ನೀರನ್ನು ಸೋಸಿ ಬದುಕುವ ಪ್ರಾಣಿಗಳಾದುದರಿಂದ, ನೀರಿನಲ್ಲಿರುವ ರೋಗಾಣುಗಳು ಅವುಗಳ ಮೈಯಲ್ಲಿ ಸಂಗ್ರಹವಾಗುತ್ತವೆ. ಹಡಗಿನ ಕೊಳೆಯನ್ನು ಕುರಿತ ಅಂತರರಾಷ್ಟ್ರೀಯ ನಿಯಮ, ‘ಮಾರ್ಪೋಲ್’ ಒಪ್ಪಂದದ ನಾಲ್ಕನೆಯ ಅನುಬಂಧ, ೨೦೦೩ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ನುರಿಸಿ ಸೋಂಕು ಕಳೆದ ಕೊಳೆಯನ್ನು ದಡದಿಂದ ೩ ನಾವಿಕ ಮೈಲಿಗಳಾಚೆ, ಅಂದರೆ ಸುಮಾರು ಐದೂವರೆ ಕಿಲೋಮೀಟರಿನಾಚೆ ಬಿಡಬಹುದು. ಹಾಗೆ ಸಂಸ್ಕರಿಸದುದನ್ನು ೧೨ ನಾವಿಕ ಮೈಲಿಗಳಾಚೆ, ಅದೂ ಹಡಗು ಸಾಗುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ಕೂಡಿಡಬೇಕು. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವಂಥ ದೊಡ್ಡ ಹಡಗುಗಳಲ್ಲಿ ಇದಕ್ಕಾಗಿ ಸಂಸ್ಕರಣ ಯಂತ್ರಗಳಿರುತ್ತವೆ. ಒಂದು ಲೀಟರಿನಷ್ಟು ನೀರಿನಲ್ಲಿಯೇ ಕೊಳೆಯನ್ನು ನಿರ್ವಾತದಿಂದ ಎಳೆದುಕೊಳ್ಳುವ ಶೌಚಪಾತ್ರೆಗಳೂ ಬಂದಿವೆ. ‘ವಂದೇ ಭಾರತ್’ ರೈಲಿನಲ್ಲಿ ಪ್ರಯಾಣ ಮಾಡಿದವರು ಅದರ ಸದ್ದನ್ನು ಕೇಳಿರಬೇಕು. ಆದರೆ ಈ ನಿಯಮ ಅನ್ವಯಿಸುವುದು ದೇಶದೇಶಗಳ ನಡುವೆ ಸಂಚರಿಸುವ, ೪೦೦ ಟನ್ನಿನ ಅಳತೆಯ ಅಥವಾ ಹದಿನೈದಕ್ಕಿಂತ ಹೆಚ್ಚು ಮಂದಿಯನ್ನು ಒಯ್ಯುವ ಹಡಗುಗಳಿಗೆ. ಮಲ್ಪೆಯ ದೋಣಿಯ ಎರಡು ಹಲಗೆಗಳು ಆ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ಆ ದೋಣಿಗಳಿಗೆಲ್ಲ ಪಂಪಿನ ಶೌಚಗೃಹವನ್ನೇ ಜೋಡಿಸಬೇಕೆಂದು ನಾನು ಹೇಳಲಾರೆ. ನೀರಿನ ಮಟ್ಟಕ್ಕಿಂತ ಕೆಳಗೆ ಎರಡು ಹೊಸ ರಂಧ್ರಗಳನ್ನು ಕೊರೆದು, ಅವುಗಳನ್ನು ನೋಡಿಕೊಳ್ಳಲು ಯಾರನ್ನೂ ಗೊತ್ತುಮಾಡದಿರುವುದಕ್ಕಿಂತ ಹಲಗೆಗಳೇ ಮೇಲು. ಆದರೆ ರಾತ್ರಿಯ ಹೊತ್ತು, ಅಲೆಯೆದ್ದ ಕಡಲಿನಲ್ಲಿ, ಒಂದು ಸರಳನ್ನು ನಂಬಿ ಅಂಚಿನಾಚೆ ಕೂರುವುದು ಪ್ರಾಣವನ್ನು ಪಣವಿಡುವ ಕೆಲಸ. ಮೇಲಟ್ಟದ ಮೇಲೆಯೇ, ಅಂಚಿನೊಳಗೆ, ನಾಲ್ಕು ಗೋಡೆಯ ಪುಟ್ಟ ಕೋಣೆ, ಅದರಲ್ಲೊಂದು ಪೀಠ, ಬಂದರಿನಲ್ಲಿರುವಾಗ ಕೂಡಿಡಲು ಒಂದು ಸಣ್ಣ ತೊಟ್ಟಿ. ಇಷ್ಟಕ್ಕೆ ಹಡಗಿನ ಮೈಗೆ ನೀರಿನ ಕೆಳಗೆ ರಂಧ್ರ ಬೇಕಾಗಿಲ್ಲ. ಮೀನು ಶೇಖರಿಸುವ ಕೋಣೆಗೆ ಮಾಡುವ ವೆಚ್ಚದ ಮುಂದೆ ಇದು ಎಷ್ಟರದು?

ಇಳಿಯುವ ಮುನ್ನ ತಂಡೇಲರು ನಮ್ಮನ್ನು ಯಂತ್ರದ ಕೋಣೆಗೂ ಇಳಿಸಿದರು. ಯಂತ್ರವನ್ನು ತಂಪಾಗಿಡಲು ಕಡಲ ನೀರನ್ನು ಒಳತರುವ ಕವಾಟವೊಂದು ಅಲ್ಲಿತ್ತು. ಹಿಡಿಯ ಕಂಚು ಕೈ ಸವೆದು ಹೊಳೆಯುತ್ತಿತ್ತು. ಬಂದರಿಗೆ ಬಂದ ಕೂಡಲೇ ಅದನ್ನು ಮುಚ್ಚುವವರು ಯಾರೆಂದು ಕೇಳಿದೆ. “ನಾನೇ, ಮಾಷ್ಟ್ರೇ. ಬೇರೆಯವರು ಮುಚ್ಚಿದರೂ ಮತ್ತೊಮ್ಮೆ ಮುಟ್ಟಿ ನೋಡಿಯೇ ಮನೆಗೆ ಹೋಗುದು” ಎಂದರು. ಹುಡುಗನು ಮಂಡಿಯೂರಿ ಕುಳಿತು, ಬೆಳಿಗ್ಗೆ ಶಾಸನದ ಸಾಲುಗಳನ್ನು ಬರೆದುಕೊಂಡಿದ್ದ ಪುಸ್ತಕದಲ್ಲಿಯೇ ಆ ಕವಾಟದ ಚಿತ್ರವನ್ನು ಬರೆದುಕೊಳ್ಳುತ್ತಿದ್ದನು.